ಡ್ರ್ಯಾಗ್ ಗಾಡಿಯಲ್ಲಿ ಡಿಕ್ಕಿ ಮತ್ತು ಕ್ಯಾಬಿನ್ ನಡುವೆ ಪೂರ್ತಿ ಸೀಲ್: ಯಾವ ಶೀಟು, ಯಾವ ರಿವೆಟ್, ಸಂದುಗಳಿಗೆ ಏನು?

ಕಕ್ಕಬ್ಬೆ_ಕ್ಲಚ್

ಗಾಡಿ ಕಾಂಟೆಸ್ಸಾ, ಹಿಂದಿನ ಚಕ್ರಕ್ಕೆ ಡ್ರೈವ್, ಡ್ರ್ಯಾಗ್ ರೇಸಿಗೆ (ನೇರ ದಾರಿಯಲ್ಲಿ ಸ್ವಲ್ಪ ದೂರದ ವೇಗದ ಓಟ) ತಯಾರು ಮಾಡ್ತಿರೋದು. ಹಿಂದಿನ ಸೀಟು, ಕಾರ್ಪೆಟ್, ಡಾಂಬರ್ ಶೀಟು ಎಲ್ಲಾ ತೆಗೆದಾಗಿದೆ. ಡಿಕ್ಕಿಯಲ್ಲಿ 30 ಲೀಟರಿನ ಫ್ಯೂಯೆಲ್ ಸೆಲ್ (ರೇಸ್ ಗಾಡಿಯ ಪೆಟ್ರೋಲ್ ಟ್ಯಾಂಕ್) ಕೂರಿಸಿ ಪಕ್ಕದಲ್ಲೇ ಬ್ಯಾಟರಿ ಇಡೋದು ಅಂತ ಲೆಕ್ಕ. ಆರು ಪಾಯಿಂಟಿನ ರೋಲ್ ಕೇಜ್ (ಗಾಡಿ ಮಗುಚಿದರೆ ಚಾಲಕನನ್ನ ಕಾಯೋ ಪೈಪಿನ ಚೌಕಟ್ಟು) ಇದೆ. ಅದರ ಹಿಂದಿನ ಎರಡು ಪೈಪು ಸೀಟಿನ ಬೆನ್ನಿನ ಜಾಗ ದಾಟಿ ಡಿಕ್ಕಿ ನೆಲಕ್ಕೆ ಇಳಿಯುತ್ತವೆ.

ಪೆಟ್ರೋಲ್ ಆವಿ, ಬೆಂಕಿ ಕ್ಯಾಬಿನ್ನಿಗೆ ಬರದ ಹಾಗೆ ನಡುವೆ ತಗಡಿನ ಗೋಡೆ, ಅಂದರೆ ಫೈರ್‌ವಾಲ್, ಕಟ್ಟಬೇಕು. ಕೇಳಬೇಕಿರೋದು ಇಷ್ಟು. ಅಲ್ಯೂಮಿನಿಯಂ ಹಾಕೋದಾ, ಜಿಐ (ಸತು ಲೇಪಿಸಿದ ಸ್ಟೀಲ್) ಶೀಟಾ? ಎಷ್ಟು ದಪ್ಪ? ಕೇಜ್ ಪೈಪಿನ ಸುತ್ತ ಹೇಗೆ ಮುಚ್ಚೋದು? ಅಂಗಡೀಲಿ ಸಿಗೋ ಸಾದಾ ಸಿಲಿಕಾನ್ ನಡೆಯುತ್ತಾ? ಕೆಲಸ ಕಕ್ಕಡದ (ಜುಲೈ-ಆಗಸ್ಟಿನ) ಮಳೆಯಲ್ಲೇ ಆಗಬೇಕು. ಮಳೆ ಬಿಟ್ಟಮೇಲೆ ಗಾಡಿ ಟ್ರೈಲರ್ ಹತ್ತಬೇಕು.

ಮಂಜಿನೂರು_402

ಮೊದಲು ಒಂದು ಪ್ರಶ್ನೆ. ಬ್ಯಾಟರಿ ಹಿಂದಕ್ಕೆ ಯಾಕೆ? ಮುಂದೆ ಇದ್ದದ್ದು ಮುಂದೇ ಇರಲಿ. ಅರ್ಧ ತಲೆನೋವು ಅಲ್ಲೇ ಕಳೆಯುತ್ತೆ.

ಗೋಣಿಕೊಪ್ಪ_ಟಿಂಕರ್

ಮಂಜಿನೂರು ಅಣ್ಣ, ಆ ಮಾತು ಹೋಂಡಾ ಸಿಟಿಗೋ ಬಲೆನೋಗೋ ಸರಿ. ಮುಂದಿನ ಚಕ್ರದ ಡ್ರೈವ್ ಇರೋ ಗಾಡಿಯಲ್ಲಿ ಬ್ಯಾಟರಿಯನ್ನ ಡಿಕ್ಕಿಗೆ ಒಯ್ದರೆ ಎಳೆಯೋ ಚಕ್ರದ ಮೇಲಿನ ಭಾರ ತಾನೇ ಕೈಯಾರೆ ಕಳೆದ ಹಾಗೆ, ಲಾಂಚಿನಲ್ಲಿ, ಅಂದರೆ ಹೊರಡೋ ಕ್ಷಣದಲ್ಲಿ, ಟಯರು ಸುಮ್ಮನೆ ತಿರುಗುತ್ತೆ. ಇದು ಕಾಂಟೆಸ್ಸಾ. 14-15 ಕೆಜಿ ಬ್ಯಾಟರಿ ಹಿಂದಿನ ಆಕ್ಸಲ್‌ಗಿಂತ ಹಿಂದೆ, ಬಲಗಡೆ ಮೂಲೆಯಲ್ಲಿ ಕೂತರೆ ಲಾಭವೇ. ಹೊರಡುವಾಗ ಬಾಡಿ ತಿರುಚಿ ಬಲ ಹಿಂಚಕ್ರದ ಭಾರ ಕಮ್ಮಿಯಾಗುತ್ತೆ, ಅದಕ್ಕೆ ಬಲಗಡೆ. ಅಲ್ಲದೆ ಫ್ಯೂಯೆಲ್ ಸೆಲ್ ಡಿಕ್ಕಿಯಲ್ಲಿ ಅಂದಮೇಲೆ ಬ್ಯಾಟರಿ ಎಲ್ಲೇ ಇರಲಿ, ಗೋಡೆ ಬೇಕೇ ಬೇಕು.

ಈಗ ಶೀಟಿನ ವಿಚಾರ. ಡ್ರ್ಯಾಗ್‌ನಲ್ಲಿ ಎಲ್ಲರೂ ಅಳತೆಗೋಲು ಅಂತ ಹಿಡಿಯೋದು ಅಮೆರಿಕದ ಡ್ರ್ಯಾಗ್ ರೇಸ್ ಸಂಸ್ಥೆ ಎನ್‌ಎಚ್‌ಆರ್‌ಎ ನಿಯಮ: ಸ್ಟೀಲ್ ಆದರೆ ಕನಿಷ್ಠ 0.024 ಇಂಚು, ಅಂದರೆ 0.61 ಮಿಮೀ. ಅಲ್ಯೂಮಿನಿಯಂ ಆದರೆ ಕನಿಷ್ಠ 0.032 ಇಂಚು, 0.81 ಮಿಮೀ. ನಮ್ಮ ಅಂಗಡಿಗಳ ಗೇಜ್ ಲೆಕ್ಕದಲ್ಲಿ ಇವು ಸರಿಯಾಗಿ 23 ಮತ್ತು 21 ಗೇಜ್. ಆ ಬೆಸ ಗೇಜುಗಳು ಕೇಳಿದ ಕೂಡಲೇ ಸಿಗೋದಿಲ್ಲ. ಅದಕ್ಕೆ ಸ್ಟೀಲಾದರೆ 22 ಗೇಜ್, ಅಂದರೆ 0.71 ಮಿಮೀ ತಗೊಳ್ಳಿ. ಅಲ್ಯೂಮಿನಿಯಂ ಆದರೆ 20 ಗೇಜ್, 0.91 ಮಿಮೀ. ಗೇಜ್ ನಂಬರ್ ಕೇಳಿ ಸುಮ್ಮನೆ ಬರಬೇಡಿ, ಕ್ಯಾಲಿಪರ್ ಹಿಡಿದು ಅಂಚು ಅಳೆಯಿರಿ. 22 ಅಂತ ಕೊಟ್ಟ ಶೀಟು 24 ಇರೋದು ಅಪರೂಪವೇನಲ್ಲ. 24 ಗೇಜ್ 0.56 ಮಿಮೀ, ಸ್ಕ್ರೂಟಿನಿಯಲ್ಲಿ (ಓಟದ ಮೊದಲಿನ ಗಾಡಿ ತಪಾಸಣೆ) ಮೈಕ್ರೋಮೀಟರ್ ಇಟ್ಟರೆ ಕೆಳಗೆ ಬೀಳುತ್ತೆ.

ತೂಕ: ಸೀಟ್ ಬೆನ್ನಿನ ಜಾಗ ಮತ್ತು ಪಾರ್ಸೆಲ್ ಶೆಲ್ಫ್ (ಹಿಂದಿನ ಗಾಜಿನ ಕೆಳಗಿನ ಹಲಗೆ) ಸೇರಿ ಸುಮಾರು 1.25 ಚದರ ಮೀಟರ್ ಅಂತ ಇಟ್ಟುಕೊಂಡರೆ ಅಲ್ಯೂಮಿನಿಯಂ 3.1 ಕೆಜಿ, ಸ್ಟೀಲ್ 7 ಕೆಜಿ. ಹೆಚ್ಚುಕಮ್ಮಿ 4 ಕೆಜಿ ಅಂತರ. ನನ್ನ ಓಟು ಸ್ಟೀಲಿಗೆ. ಅಲ್ಯೂಮಿನಿಯಂ 660 ಡಿಗ್ರಿಯಲ್ಲಿ ಕರಗುತ್ತೆ, ಮಿಶ್ರಲೋಹ ಇನ್ನೂ ಕಮ್ಮಿಗೆ. ಪೆಟ್ರೋಲ್ ಬೆಂಕಿ ಅದಕ್ಕಿಂತ ಬಿಸಿ. ನಿಯಮ ಒಪ್ಪುತ್ತೆ ನಿಜ, ಆದರೆ ಬೆಲ್ಟ್ ಬಿಚ್ಚಿ ಇಳಿಯೋಕೆ ಬೇಕಾದ ಸಮಯವನ್ನ 4 ಕೆಜಿ ಕೊಟ್ಟು ಕೊಂಡುಕೊಂಡರೆ ನಷ್ಟವಿಲ್ಲ. ಅದೂ ಹಿಂದಿನ ಆಕ್ಸಲ್ ಹತ್ತಿರ ಬೀಳೋ ಭಾರ.

ಕುಶಾಲನಗರ_ಕ್ವಾರ್ಟರ್‌ಮೈಲ್

ಟಿಂಕರ್ ಅಣ್ಣ ಹೇಳಿದ ದಪ್ಪ ಸರಿ. ಒಂದು ಸೇರಿಸ್ತೀನಿ. ಪಾರ್ಸೆಲ್ ಶೆಲ್ಫ್ ಕೂಡ ಗೋಡೆಯ ಭಾಗವೇ. ಸೀಟ್ ಬೆನ್ನು ಚೆನ್ನಾಗಿ ಮುಚ್ಚಿ, ಮೇಲೆ ಸ್ಪೀಕರಿನ ಎರಡು ದೊಡ್ಡ ತೂತು ಹಾಗೇ ಬಿಟ್ಟ ಗಾಡಿ ಸ್ಕ್ರೂಟಿನಿಗೆ ಬರುತ್ತಲೇ ಇರುತ್ತೆ. ಆ ತೂತಿಗೆ ಪ್ಲೈವುಡ್ ಬಡಿದು ಕಪ್ಪು ಬಣ್ಣ ಬಳಿದರೆ ಪಾಸ್ ಆಗಲ್ಲ.

ನಮ್ಮಲ್ಲಿ ದೇಶದ ಮೋಟಾರ್ ಕ್ರೀಡಾ ಸಂಸ್ಥೆ ಎಫ್‌ಎಂಎಸ್‌ಸಿಐ ಮಾನ್ಯತೆಯ ಇವೆಂಟಾದರೆ ಆ ವರ್ಷದ ನಿಯಮ ಪುಸ್ತಕವನ್ನೂ ಇವೆಂಟಿನ ಪೂರಕ ನಿಯಮಗಳನ್ನೂ ತರಿಸಿಕೊಂಡು ಓದಿ. ಅನುಮಾನ ಇದ್ದರೆ ಶೀಟು ಕತ್ತರಿಸೋ ಮೊದಲೇ ಫೋಟೋ ಕಳಿಸಿ ಕೇಳಿ. ಸ್ಕ್ರೂಟಿನಿ ದಿನ ವಾದ ಮಾಡಿ ಗೆದ್ದವರಿಲ್ಲ.

ಬಳಸಬಾರದ ಸಾಮಾನು ಇಲ್ಲೇ ಹೇಳಿಬಿಡ್ತೀನಿ. ಅಂಗಡಿ ಬೋರ್ಡಿಗೆ ಹಾಕೋ ಎಸಿಪಿ ಶೀಟು ನೋಡೋಕೆ ಅಲ್ಯೂಮಿನಿಯಂ, ಕತ್ತರಿಸಿದರೆ ನಡುವೆ ಪ್ಲಾಸ್ಟಿಕ್. ಎರಡೂ ಕಡೆ ಇರೋ ಲೋಹ ಅರ್ಧ ಮಿಮೀಗಿಂತ ಹೆಚ್ಚಿರಲ್ಲ, ಬಿಸಿಯಾದರೆ ಒಳಗಿನ ಪ್ಲಾಸ್ಟಿಕ್ ಕರಗಿ ಉರಿಯುತ್ತೆ. ಫೈಬರ್ ಶೀಟು, ಸನ್‌ಬೋರ್ಡ್, ಸ್ಪ್ರೇ ಫೋಮ್, ಎಂ-ಸೀಲ್ ಯಾವುದೂ ಬೇಡ. ಸ್ಪ್ರೇ ಫೋಮ್ ತುಂಬಿದರೆ ಸಂದು ಮುಚ್ಚಿದ ಹಾಗೆ ಕಾಣುತ್ತೆ ಅಷ್ಟೇ, ಕಿಡಿ ತಾಗಿದರೆ ಅದೇ ಮೊದಲು ಹೊತ್ತಿಕೊಳ್ಳೋದು. ಅಲ್ಯೂಮಿನಿಯಂ ಫಾಯಿಲ್ ಟೇಪಿನಲ್ಲಿ ಫಾಯಿಲ್ ನಿಲ್ಲುತ್ತೆ, ಅಂಟು ನಿಲ್ಲಲ್ಲ.

ಕಕ್ಕಬ್ಬೆ_ಕ್ಲಚ್

ಸ್ಟೀಲ್ ಅಂತ ಆಯ್ತು. ಟಿಂಕರ್ ಅಣ್ಣ, ವೆಲ್ಡಾ ರಿವೆಟ್ಟಾ?

ಗೋಣಿಕೊಪ್ಪ_ಟಿಂಕರ್

ರಿವೆಟ್. ಕಾರಣ ಹೇಳ್ತೀನಿ.

0.71 ಶೀಟನ್ನ ಹಳೇ ಬಾಡಿಯ 0.8 ತಗಡಿಗೆ ಮಿಗ್ ವೆಲ್ಡಿಂಗ್‌ನಲ್ಲಿ ಹಿಡಿಸೋಕೆ 0.6 ವಯರ್ ಬೇಕು. 25 ಮಿಮೀ ಹೊಲಿಗೆ, ಆಮೇಲೆ 75 ಮಿಮೀ ಬಿಟ್ಟು ಇನ್ನೊಂದು, ಅದೂ ಒಂದು ತುದಿಯಿಂದ ಸಾಲಾಗಿ ಅಲ್ಲ, ಆ ಕಡೆ ಈ ಕಡೆ ಹಾರಿ ಹಾರಿ. ಇಲ್ಲದಿದ್ದರೆ ಇಡೀ ಹಾಳೆ ಹಪ್ಪಳದ ಹಾಗೆ ಏಳುತ್ತೆ. ಇಷ್ಟು ಮಾಡಿದಮೇಲೂ ಹೊಲಿಗೆಗಳ ನಡುವೆ ಸಂದು ಉಳಿಯುತ್ತೆ, ಸೀಲೆಂಟ್ ಹಾಕಲೇಬೇಕು. ವೆಲ್ಡ್ ಮಾಡಲೇಬೇಕು ಅನ್ನೋರು ಜಿಐ ಬದಲು ಸಿಆರ್ (ಸತು ಇಲ್ಲದ ಸಾದಾ ಸ್ಟೀಲ್) ಶೀಟು ತಗೊಳ್ಳಿ. ಜಿಐ ಮೇಲಿನ ಸತು ಸುಟ್ಟ ಹೊಗೆ ಕುಡಿದರೆ ರಾತ್ರಿಗೆ ಚಳಿಜ್ವರ ಗ್ಯಾರಂಟಿ.

ರಿವೆಟ್‌ನಲ್ಲಿ ಒಂದು ಸೂಕ್ಷ್ಮ ಇದೆ, ಮುಕ್ಕಾಲು ಜನ ಗಮನಿಸಲ್ಲ. ಸಾದಾ ಪಾಪ್ ರಿವೆಟ್ ಎಳೆದು ಮೊಳೆ ಮುರಿದಮೇಲೆ ಅದರ ನಡುವೆ ನೋಡಿ, ತೂತು ಇರುತ್ತೆ. ಮೊಳೆಯ ತಲೆ ಒಳಗೆ ಉಳಿದರೂ ಅದು ಬಿಗಿಯಾಗಿರಲ್ಲ, ಎಷ್ಟೋ ಸಲ ಅಲ್ಲಾಡಿ ಉದುರಿಯೂ ಹೋಗುತ್ತೆ. ನೂರು ರಿವೆಟ್ ಹೊಡೆದರೆ ಪೆಟ್ರೋಲ್ ಆವಿಗೆ ನೂರು ಕಿಟಕಿ ತೆರೆದ ಹಾಗೆ. ಹಿಂಭಾಗ ಮುಚ್ಚಿರೋ ಸೀಲ್ಡ್ ರಿವೆಟ್ ಕೇಳಿ ತಗೊಳ್ಳಿ, ಕೊಳವೆಯೂ ಮೊಳೆಯೂ ಎರಡೂ ಸ್ಟೀಲ್ ಇರಲಿ. ಸಿಗದಿದ್ದರೆ ಸಾದಾ ಸ್ಟೀಲ್ ರಿವೆಟ್ ಹೊಡೆದು ಪ್ರತಿ ತಲೆಯ ಮೇಲೂ ಒಂದೊಂದು ಬೊಟ್ಟು ಸೀಲೆಂಟ್.

ಅಳತೆ 4 ಮಿಮೀ, ಡ್ರಿಲ್ 4.1. ಶೀಟು, ಬಾಡಿ, ನಡುವಿನ ಸೀಲೆಂಟ್ ಸೇರಿ 2 ಮಿಮೀ ಒಳಗೇ ಇರುತ್ತೆ. ಡಬ್ಬದ ಮೇಲಿನ ಹಿಡಿತದ ಅಳತೆ ನೋಡಿ ತಗೊಳ್ಳಿ, ಉದ್ದ ಜಾಸ್ತಿಯಾದ ರಿವೆಟ್ ಬಿಗಿದ ಹಾಗೆ ಕಂಡರೂ ಸಡಿಲ ಇರುತ್ತೆ. ಅಂಚಿನಿಂದ ರಿವೆಟ್ ನಡುವಿಗೆ ಕನಿಷ್ಠ 8 ಮಿಮೀ. ಅದಕ್ಕೇ ಮಡಿಕೆ 20 ಮಿಮೀ ಬಿಡೋದು. ರಿವೆಟಿನಿಂದ ರಿವೆಟಿಗೆ 60 ಮಿಮೀ. ಎರಡೂ ಹಾಳೆಯ ಸುತ್ತಳತೆ 7 ಮೀಟರ್ ಹತ್ತಿರ ಬರುತ್ತೆ, 120 ರಿವೆಟ್ ಹಿಡಿಯುತ್ತೆ. ಹಾಳಾಗೋದೂ ಸೇರಿಸಿ 150 ತಗೊಳ್ಳಿ.

ಮೊದಲು ಕಾರ್ಡ್‌ಬೋರ್ಡ್ ಟೆಂಪ್ಲೇಟ್. ಫ್ರಿಜ್ ಡಬ್ಬದ ರಟ್ಟು ಸಾಕು. ಒಂದೇ ತುಂಡಲ್ಲಿ ಕತ್ತರಿಸೋಕೆ ಹೋಗಬೇಡಿ. ನಡುವೆ ದೊಡ್ಡ ತುಂಡು ಇಟ್ಟು ಅಂಚುಗಳಿಗೆ ಕೈಯಗಲದ ಚೂರುಗಳನ್ನ ಟೇಪ್ ಹಾಕಿ ಅಂಟಿಸುತ್ತಾ ಬನ್ನಿ, ವೀಲ್ ಆರ್ಚಿನ ತಿರುವು ಹಾಗೇ ಸಿಗುತ್ತೆ. ಶೀಟು 8×4 ಅಡಿಯದ್ದೇ ಬೇಕು, ಯಾಕಂದರೆ ಅಡ್ಡ ಅಳತೆ 4 ಅಡಿ ದಾಟುತ್ತೆ. ಮಡಚೋ ಮೊದಲು ಮೂಲೆಯಿಂದ ಮೂಲೆಗೆ ತೆಳುವಾಗಿ ಅಡ್ಡ ಮಡಿಕೆ ಕೊಡಿಸಿ, ಎಸಿ ಡಕ್ಟ್ ಮಾಡೋರ ಬ್ರೇಕ್ ಮಷೀನಲ್ಲಿ ಆಗುತ್ತೆ. ಚಪ್ಪಟೆ ಬಿಟ್ಟರೆ ಎಂಜಿನ್ ಐಡ್ಲಿಂಗ್‌ಗೇ ಶೀಟು ಡಬಡಬ ಅನ್ನುತ್ತೆ, ಆ ಅದುರಿಗೆ ಅಂಚಿನ ಸೀಲೆಂಟ್ ತಿಂಗಳೊಳಗೆ ಬಿಡುತ್ತೆ.

ಸೋಮವಾರಪೇಟೆ_ಸೀಲ್

ಸೀಲೆಂಟ್ ಬಗ್ಗೆ ನಾನು ಬರೀತೀನಿ. ಅಲ್ಲೇ ಎಲ್ಲರೂ ದುಡ್ಡು ಉಳಿಸೋಕೆ ಹೋಗಿ ಕೆಡಿಸಿಕೊಳ್ಳೋದು.

ಟ್ಯೂಬ್ ತೆಗೆದ ಕೂಡಲೇ ವಿನೆಗರ್ ವಾಸನೆ ಬಂದರೆ ಅದು ಅಸಿಟಿಕ್ ಸಿಲಿಕಾನ್, ಗಾಜಿಗೆ ಸರಿ, ತಗಡಿಗೆ ಬೇಡ. ಒಣಗುವಾಗ ಬಿಡೋ ಆಮ್ಲ ಸ್ಟೀಲನ್ನೂ ಜಿಐ ಸತುವನ್ನೂ ತಿನ್ನುತ್ತೆ. ಒಂದು ಮಳೆಗಾಲ ಕಳೆದಮೇಲೆ ಗೆರೆ ಕಿತ್ತು ನೋಡಿದರೆ ಅದರ ಕೆಳಗೇ ಕೆಂಪು ತುಕ್ಕು ಗೆರೆ ಇರುತ್ತೆ. ಟ್ಯೂಬ್ ಮೇಲೆ ನ್ಯೂಟ್ರಲ್ ಅಂತ ಬರೆದಿರಬೇಕು.

ಬಾಡಿ ಶಾಪಿನ ಪಿಯು (ಪಾಲಿಯುರೆಥೇನ್) ಸೀಮ್ ಸೀಲರ್ ಚೆನ್ನಾಗಿ ಅಂಟುತ್ತೆ, ಆದರೆ ಉರಿಯುತ್ತೆ. ಫೈರ್‌ವಾಲ್‌ಗೆ ಬೇಕಿರೋದು ಫೈರ್ ರೇಟೆಡ್ ಸೀಲೆಂಟ್. ಅದರಲ್ಲೂ ಎರಡು ಜಾತಿ. ನೀರಿನ ಆಧಾರದ ಅಕ್ರಿಲಿಕ್ ಒಂದು, ಸಿಲಿಕಾನ್ ಆಧಾರದ್ದು ಇನ್ನೊಂದು. ಅಕ್ರಿಲಿಕ್ ಅಗ್ಗ, ಕಟ್ಟಡದ ಕೇಬಲ್ ತೂತಿಗೆ ಅದನ್ನೇ ಹಾಕೋದು. ಕೊಡಗಿನ ಜುಲೈನಲ್ಲಿ ಅದು ಒಣಗೋದೇ ಇಲ್ಲ, ಒಣಗಿದ್ದೂ ಡಿಕ್ಕಿಯಲ್ಲಿ ನೀರು ನಿಂತರೆ ಮೆತ್ತಗಾಗುತ್ತೆ. ಸಿಲಿಕಾನ್ ಆಧಾರದ್ದೇ ತಗೊಳ್ಳಿ. ಗಾಳಿಯ ತೇವ ಕುಡಿದು ಅದು ಗಟ್ಟಿಯಾಗೋದು, ಹಾಗಾಗಿ ನಮ್ಮ ಹವೆ ಅದಕ್ಕೆ ಒಗ್ಗುತ್ತೆ. ಆದರೆ ಅಂಟೋ ಮೈ ಒಣಗಿರಬೇಕು. ಬೆಳಿಗ್ಗೆ ಹೊತ್ತು ತಣ್ಣನೆ ತಗಡಿನ ಮೇಲೆ ಕಣ್ಣಿಗೆ ಕಾಣದಷ್ಟು ಬೆವರು ಕೂತಿರುತ್ತೆ. ಹೀಟ್ ಗನ್ ಆಡಿಸಿ ಕೈಗೆ ಬೆಚ್ಚಗಾಗೋ ಮಟ್ಟಿಗೆ ಮಾಡಿ, ಐಸೊಪ್ರೊಪೈಲ್ ಆಲ್ಕೊಹಾಲಲ್ಲಿ ಒರೆಸಿ, ಅದು ಆರಿದಮೇಲೆ ಗೆರೆ ಎಳೆಯಿರಿ. ಮೊದಲು ಒರೆಸಿ ಆಮೇಲೆ ಹೀಟ್ ಗನ್ ಹಿಡಿಯಬೇಡಿ, ಆ ಆವಿ ಹೊತ್ತಿಕೊಳ್ಳುತ್ತೆ.

ಗೆರೆ 5 ಮಿಮೀ, ಮಡಿಕೆಯ ಅಡಿಗೆ ರಿವೆಟ್ ಸಾಲಿನ ಎರಡೂ ಕಡೆ. ರಿವೆಟ್ ಎಳೆದಾಗ ಅಂಚಿನಿಂದ ಸ್ವಲ್ಪ ಹೊರಗೆ ಉಕ್ಕಬೇಕು. ಉಕ್ಕದ ಜಾಗದಲ್ಲಿ ಸಂದು ಇದೆ ಅಂತಲೇ ಅರ್ಥ. ಆಮೇಲೆ ಡಿಕ್ಕಿ ಕಡೆಯಿಂದ ಮೂಲೆಗೆ ಇನ್ನೊಂದು ಗೆರೆ, ಬೆರಳಲ್ಲಿ ಒತ್ತಿ ಸವರಿ. 300 ಎಂಎಲ್ ಟ್ಯೂಬ್ ಎರಡು ಸಾಕಾಗುತ್ತೆ, ಮೂರನೆಯದು ತೂತುಗಳಿಗೆ ಇರಲಿ. ದಿನಕ್ಕೆ 2-3 ಮಿಮೀ ಆಳ ಮಾತ್ರ ಗಟ್ಟಿಯಾಗೋದು, ಹಾಗಾಗಿ ಎರಡು-ಮೂರು ದಿನ ಗಾಡಿ ಅಲ್ಲಾಡಿಸಬೇಡಿ.

ಮಂಜಿನೂರು_402

ಸೀಲ್ ಅಣ್ಣ, ಬೆಂಕಿಗೆ ಉಬ್ಬೋ ಸೀಲೆಂಟ್ ಅಂತ ಒಂದು ಬರುತ್ತಲ್ಲ? ಅದನ್ನೇ ಎಲ್ಲಾ ಕಡೆ ಹಾಕಿದರೆ ಆಗಲ್ವಾ?

ಸೋಮವಾರಪೇಟೆ_ಸೀಲ್

ಅದು ಬಿಸಿ ತಾಗಿ ಸುಮಾರು 200 ಡಿಗ್ರಿ ಹತ್ತಿರ ಬಂದಮೇಲೆ ಉಬ್ಬಿ ಸಂದು ತುಂಬೋದು. ಸುತ್ತ ಲೋಹದ ಹಿಡಿತ ಇದ್ದರೆ ಮಾತ್ರ ಒಳಕ್ಕೆ ಒತ್ತುತ್ತೆ, ಬಯಲಲ್ಲಿ ಬಳಿದರೆ ಹೊರಕ್ಕೆ ಉಬ್ಬಿ ಉದುರುತ್ತೆ. ಕೇಬಲ್ ಹೋಗೋ ಗ್ರಾಮೆಟ್ ಸುತ್ತ, ಪೈಪ್ ಕಾಲರಿನ ಒಳಗೆ ಹಾಕಿ. ಉದ್ದ ಮಡಿಕೆಗಳಿಗೆ ಬೇಡ.

ಗೋಣಿಕೊಪ್ಪ_ಟಿಂಕರ್

ಕೇಜ್ ಪೈಪ್ ವಿಚಾರ ಬಾಕಿ ಇತ್ತು. 38 ಮಿಮೀ ಪೈಪಾದರೆ ಶೀಟಿನಲ್ಲಿ 44 ಮಿಮೀ ತೂತು, ಸುತ್ತ 3 ಮಿಮೀ ಸಂದು. ಪೈಪು ಓರೆಯಾಗಿ ದಾಟೋದರಿಂದ ತೂತು ದುಂಡಗಿರಲ್ಲ, ಮೊಟ್ಟೆಯಾಕಾರ. ಹಳೇ ಪಿವಿಸಿ ಪೈಪನ್ನ ಅದೇ ಕೋನಕ್ಕೆ ಕತ್ತರಿಸಿ ರಟ್ಟಿನ ಮೇಲಿಟ್ಟು ಗೆರೆ ಹಾಕಿ. ಶೀಟನ್ನ ಪೈಪಿನ ನಡುಗೆರೆಯಲ್ಲಿ ಮೇಲೆ ಕೆಳಗೆ ಎರಡು ಭಾಗ ಮಾಡಿದರೆ ಕೇಜ್ ಬಿಚ್ಚದೆ ಕೂರಿಸಬಹುದು. ಎರಡು ಭಾಗ ಸೇರೋ ಕಡೆ 25 ಮಿಮೀ ಒಂದರ ಮೇಲೊಂದು ಬರಬೇಕು.

ಸಂದಿಗೆ 1.2 ಮಿಮೀ ಸ್ಟೀಲಿನ ಅರ್ಧ ಕಾಲರ್ ಎರಡು, ಒಂದೊಂದಕ್ಕೂ 20 ಮಿಮೀ ಕಿವಿ. ಕಿವಿ ಶೀಟಿಗೆ ರಿವೆಟ್, ಕಾಲರಿನ ಒಳಗಡೆ ಉಬ್ಬೋ ಸೀಲೆಂಟ್. ಕಾಲರನ್ನಾಗಲಿ ಶೀಟನ್ನಾಗಲಿ ಕೇಜಿಗೆ ವೆಲ್ಡ್ ಮಾಡಬೇಡಿ. ಲಾಂಚಿನಲ್ಲಿ ಬಾಡಿ ತಿರುಚುವಾಗ ತೆಳು ಶೀಟು ವೆಲ್ಡ್ ಪಕ್ಕದಲ್ಲೇ ಸೀಳುತ್ತೆ, ಪೈಪಿನ ಮೇಲೆ ಬೇಡದ ಬಿಸಿ ಕಲೆಯೂ ಉಳಿಯುತ್ತೆ. ಶೀಟಿನ ಬರಿ ಅಂಚು ಪೈಪಿಗೆ ತಾಗಿಕೊಂಡೇ ಇರಬಾರದು, ಅದು ನಿಧಾನಕ್ಕೆ ಗರಗಸದ ಕೆಲಸ ಮಾಡುತ್ತೆ.

ಅಂದಹಾಗೆ ಶೋಲ್ಡರ್ ಬೆಲ್ಟ್ ಡಿಕ್ಕಿಯೊಳಗಿನ ಪಾಯಿಂಟಿಗೆ ಹೋಗಿದೆಯಾ? ಹೋಗಿದ್ದರೆ ಗೋಡೆಯಲ್ಲಿ ಸೀಳು ಬಿಡಬೇಕಾಗುತ್ತೆ, ಸೀಳನ್ನ ಸೀಲ್ ಮಾಡೋಕಾಗಲ್ಲ. ಕೇಜಿನ ಮೇಲೇ ಹಾರ್ನೆಸ್ ಬಾರ್ ಹಾಕಿ ಬೆಲ್ಟನ್ನ ಗೋಡೆಯ ಈಚೆಗೆ ತನ್ನಿ.

ಕುಶಾಲನಗರ_ಕ್ವಾರ್ಟರ್‌ಮೈಲ್

ದೊಡ್ಡ ಹಾಳೆ ಎದ್ದು ಕಾಣುತ್ತೆ, ಅದಕ್ಕೇ ಎಲ್ಲರ ಗಮನ ಅಲ್ಲೇ ನಿಲ್ಲುತ್ತೆ. ನಿಜವಾದ ಕೆಲಸ ಇರೋದು ಕಾಣದ ದಾರಿಗಳಲ್ಲಿ. ಹಾಳೆ ಕೂರಿಸೋದು ಒಂದು ದಿನದ ಕೆಲಸ, ಇವನ್ನ ಹುಡುಕಿ ಮುಚ್ಚೋಕೆ ನಾಲ್ಕು ದಿನ ಇಟ್ಟುಕೊಳ್ಳಿ.

ಹಿಂದಿನ ಕಿಟಕಿ ಪಕ್ಕದ ಕಂಬ ಒಳಗೆ ಟೊಳ್ಳು. ಕೆಳಗೆ ಅದು ಡಿಕ್ಕಿಯ ಪಕ್ಕದ ಗೋಡೆಗೆ ತೆರೆದಿರುತ್ತೆ, ಮೇಲೆ ಬೆಲ್ಟ್ ರೀಲಿನ ತೂತಿನಿಂದ ಕ್ಯಾಬಿನ್‌ಗೆ ತೆರೆದಿರುತ್ತೆ. ಹಾಳೆ ಎಷ್ಟೇ ಚೆನ್ನಾಗಿರಲಿ, ಹೊಗೆ ಅದನ್ನ ಸುತ್ತು ಹಾಕಿ ಚಾಲಕನ ಕಿವಿ ಪಕ್ಕ ಬರುತ್ತೆ. ಎರಡೂ ತುದಿಗೆ ತಗಡಿನ ಮುಚ್ಚಳ ಹಾಕಿ. ಕೈ ಹೋಗದ ಜಾಗಕ್ಕೆ ಸೆರಾಮಿಕ್ ಉಣ್ಣೆ ತುರುಕಬಹುದು, ಆದರೆ ಬರೀ ಉಣ್ಣೆ ಬಿಟ್ಟರೆ ಅದು ಪೆಟ್ರೋಲನ್ನ ದೀಪದ ಬತ್ತಿಯಂತೆ ಹೀರುತ್ತೆ. ಡಿಕ್ಕಿ ಕಡೆಯಿಂದ ತಗಡು, ಅದರ ಸುತ್ತ ಸೀಲೆಂಟ್ ಕಡ್ಡಾಯ. ಉಣ್ಣೆ ಮುಟ್ಟುವಾಗ ಮಾಸ್ಕ್, ಕೈಗವಸು ಇರಲಿ. ಹಳೇ ಗ್ಯಾರೇಜಲ್ಲಿ ಸಿಗೋ ಆಸ್ಬೆಸ್ಟಾಸ್ ಹಗ್ಗದ ಸಹವಾಸವೇ ಬೇಡ.

ಉಳಿದವು: ವೀಲ್ ಆರ್ಚ್ ಒಳಗೂಡೋ ಜಾಗದ ಮಡಿಕೆ, ಹಿಂದಿನ ಸೀಟಿನ ಬೋಲ್ಟ್ ತೂತುಗಳು, ಹಳೇ ಬೆಲ್ಟಿನ ನಟ್ಟು, ಟೈಲ್ ಲ್ಯಾಂಪಿನ ವಯರಿಂಗ್ ದಾಟೋ ತೂತು, ನೆಲದ ರಬ್ಬರ್ ಬಿರಡೆಗಳು. ಬಿರಡೆಗಳಿಗೆ ತಗಡಿನ ಬಿಲ್ಲೆ ಹಾಕಿ. ಆದರೆ ಹಿಂದಿನ ಗಾಜಿನ ಸುತ್ತಿನ ಮಳೆನೀರು ಇಳಿಯೋ ಕೊಳವೆ ಇದ್ದರೆ ಅದನ್ನ ಮುಚ್ಚಬೇಡಿ, ನೀರು ಒಳಗೇ ನಿಂತು ಗೋಡೆಯ ಕೆಳ ಮಡಿಕೆಯನ್ನ ತಿಂದುಹಾಕುತ್ತೆ.

ವಿರಾಜಪೇಟೆ_ವೈರಿಂಗ್

ಬ್ಯಾಟರಿ ಕೇಬಲ್ ಬಗ್ಗೆ. ಡಿಕ್ಕಿಯಿಂದ ಸ್ಟಾರ್ಟರ್‌ಗೆ 4-5 ಮೀಟರ್ ಆಗುತ್ತೆ, 50 ಚದರ ಮಿಮೀ ತಾಮ್ರದ ಕೇಬಲ್ ಹಾಕಿ. 25ರದ್ದು ಹಾಕಿದರೆ ಬಿಸಿ ಎಂಜಿನ್ ಸ್ಟಾರ್ಟ್ ಆಗುವಾಗ ವೋಲ್ಟೇಜ್ ಕುಸಿದು ಇಸಿಯು (ಎಂಜಿನ್ ಕಂಪ್ಯೂಟರ್) ರೀಸೆಟ್ ಆಗುತ್ತೆ. ಗೋಡೆ ದಾಟೋ ಜಾಗದಲ್ಲಿ ರಬ್ಬರ್ ಗ್ರಾಮೆಟ್ ನಂಬಬೇಡಿ. ಎರಡೂ ಕಡೆ ನಟ್ಟು ಬರೋ ಬಲ್ಕ್‌ಹೆಡ್ ಸ್ಟಡ್ ಸಿಗುತ್ತೆ, ಅದರಲ್ಲಿ ತೂತೇ ಉಳಿಯಲ್ಲ. ಸುತ್ತಲಿನ ಇನ್ಸುಲೇಟರ್ ಗಟ್ಟಿ ಫಿನಾಲಿಕ್ ಇರಲಿ, ಸಾದಾ ಪ್ಲಾಸ್ಟಿಕ್ ಬೇಡ. ಸಣ್ಣ ವಯರುಗಳನ್ನೆಲ್ಲಾ ಒಂದೇ ಲೋಹದ ಮಲ್ಟಿಪಿನ್ ಕನೆಕ್ಟರಿನಲ್ಲಿ ದಾಟಿಸಿದರೆ ಏಳೆಂಟು ತೂತು ಒಂದಾಗುತ್ತೆ.

ಗ್ರಾಮೆಟ್ ಹಾಕಲೇಬೇಕಾದರೆ ಇಪಿಡಿಎಂ ರಬ್ಬರ್ ಬೇಡ, ಪೆಟ್ರೋಲ್ ತಾಗಿದರೆ ಉಬ್ಬಿ ಸಡಿಲವಾಗುತ್ತೆ. ನೈಟ್ರೈಲ್ ಪರವಾಗಿಲ್ಲ. ಈಗಿನ 20 ಶೇಕಡಾ ಎಥನಾಲ್ ಪೆಟ್ರೋಲಿಗೆ ವೈಟಾನ್ ಇನ್ನೂ ಮೇಲು.

ಕಟ್ ಆಫ್ ಸ್ವಿಚ್ಚು ಗಾಡಿಯ ಹಿಂಭಾಗದಲ್ಲಿ ಹೊರಗಿನಿಂದ ಕೈಗೆ ಸಿಗಬೇಕು, ಆಫ್ ಯಾವ ಕಡೆ ಅಂತ ಬರೆದಿರಬೇಕು. ಅದನ್ನ ಒತ್ತಿದರೆ ಓಡುತ್ತಿರೋ ಎಂಜಿನ್ ನಿಲ್ಲಬೇಕು. ಬ್ಯಾಟರಿ ಕಟ್ಟಾದರೂ ಆಲ್ಟರ್ನೇಟರ್ ಇಗ್ನಿಷನ್‌ಗೆ ಕರೆಂಟ್ ಕೊಡ್ತಾ ಇದ್ದರೆ ಎಂಜಿನ್ ನಿಲ್ಲಲ್ಲ, ಪೆಟ್ರೋಲ್ ಪಂಪೂ ನಿಲ್ಲಲ್ಲ. ಆಲ್ಟರ್ನೇಟರ್ ವಯರನ್ನ ಸ್ವಿಚ್ಚಿನ ಬ್ಯಾಟರಿ ಬದಿಗೆ ತನ್ನಿ, ಬ್ಯಾಟರಿ ಹತ್ತಿರವೇ ಅದಕ್ಕೊಂದು ಫ್ಯೂಸ್ ಇರಲಿ. ಇಲ್ಲವೇ ಇಗ್ನಿಷನ್ನನ್ನೂ ಜೊತೆಗೇ ಕಡಿಯೋ ಎರಡು ಸರ್ಕ್ಯೂಟಿನ ಸ್ವಿಚ್ಚು ಹಾಕಿ.

ಬ್ಯಾಟರಿ ಕಟ್ಟೋಕೆ ನೈಲಾನ್ ಪಟ್ಟಿ ಬೇಡ. ಲೋಹದ ಫ್ರೇಮು, 3/8 ಇಂಚಿನ ಎರಡು ಬೋಲ್ಟು, ನೆಲದ ಅಡಿಯಲ್ಲಿ ಅಗಲ ಪ್ಲೇಟು.

ಮಂಜಿನೂರು_402

ಪೆಟ್ರೋಲ್ ಪೈಪು ಕ್ಯಾಬಿನ್ ಒಳಗಿಂದಲೇ ಮುಂದಕ್ಕೆ ಹೋದರೆ?

ಕುಶಾಲನಗರ_ಕ್ವಾರ್ಟರ್‌ಮೈಲ್

ಡಿಕ್ಕಿ ನೆಲದಿಂದ ಕೆಳಗಿಳಿಸಿ ಹೊರಗಿಂದ ಒಯ್ಯಿರಿ, ಪ್ರೊಪೆಲ್ಲರ್ ಶಾಫ್ಟಿನಿಂದ ದೂರ. ಕ್ಯಾಬಿನ್‌ನಲ್ಲಿ ಪೆಟ್ರೋಲ್ ಪೈಪು ಬಂದರೆ ಈ ಗೋಡೆ ಕಟ್ಟಿದ್ದಕ್ಕೇ ಅರ್ಥ ಇಲ್ಲ. ನೆಲ ದಾಟೋ ಜಾಗದಲ್ಲಿ ಎಎನ್-6 ಅಥವಾ ಎಎನ್-8 ಅಳತೆಯ ಬಲ್ಕ್‌ಹೆಡ್ ಫಿಟ್ಟಿಂಗ್. ಸೆಲ್‌ನ ವೆಂಟ್ ಪೈಪಿಗೆ ರೋಲ್‌ಓವರ್ ವಾಲ್ವ್ (ಗಾಡಿ ಮಗುಚಿದರೆ ಪೆಟ್ರೋಲ್ ಹೊರಬರದಂತೆ ತಡೆಯೋದು) ಹಾಕಿ, ಒಮ್ಮೆ ಮೇಲಕ್ಕೆ ಸುತ್ತು ಕೊಟ್ಟು ಬಾಡಿ ಹೊರಗೆ, ಸೈಲೆನ್ಸರ್ ಇಲ್ಲದ ಬದಿಗೆ ಬಿಡಿ. ತುದಿಗೆ ಸಣ್ಣ ಜಾಲರಿ ಹಾಕೋದು ಮರೀಬೇಡಿ. ತೋಟದ ಶೆಡ್ಡಲ್ಲಿ ಎರಡು ತಿಂಗಳು ನಿಂತರೆ ಕಣಜ ಅದರೊಳಗೆ ಮಣ್ಣಿನ ಗೂಡು ಕಟ್ಟಿರುತ್ತೆ, ಆಮೇಲೆ ಪೆಟ್ರೋಲ್ ಯಾಕೆ ಎಳೆಯಲ್ಲ ಅಂತ ಪಂಪ್ ಬಿಚ್ಚೋದು.

ಪೊನ್ನಂಪೇಟೆ_ಪೋಲೊ

ನಡುವೆ ಬಾಯಿ ಹಾಕ್ತೀನಿ. ಹ್ಯಾಚ್‌ಬ್ಯಾಕಿಗೆ ಇದೆಲ್ಲಾ ಹೇಗೆ? ಡಿಕ್ಕಿ ಅನ್ನೋದೇ ಬೇರೆ ಇಲ್ಲವಲ್ಲ.

ಗೋಣಿಕೊಪ್ಪ_ಟಿಂಕರ್

ಎರಡು ದಾರಿ. ಒಂದು, ಮುಂದಿನ ಸೀಟಿನ ಹಿಂದಿಂದ ಚಾವಣಿವರೆಗೆ ಪೂರ್ತಿ ಗೋಡೆ ಎಬ್ಬಿಸೋದು. ಹಿಂದೆ ನೋಡೋಕಾಗಲ್ಲ, ಚಾವಣಿಯ ಬಾಗು, ಕೇಜು, ಬಾಗಿಲ ಚೌಕಟ್ಟು ಎಲ್ಲದಕ್ಕೂ ಹೊಂದಿಸೋದರಲ್ಲಿ ಸಾಕಾಗಿಹೋಗುತ್ತೆ. ಇನ್ನೊಂದು, ಸೆಲ್ಲಿಗೂ ಬ್ಯಾಟರಿಗೂ ಬೇರೆ ಬೇರೆ ತಗಡಿನ ಪೆಟ್ಟಿಗೆ ಮಾಡಿ, ಮುಚ್ಚಳಕ್ಕೆ ಗ್ಯಾಸ್ಕೆಟ್ ಹಾಕಿ, ಪೆಟ್ಟಿಗೆಯ ವೆಂಟನ್ನ ಬಾಡಿ ಹೊರಕ್ಕೆ ಬಿಡೋದು. ಶೀಟಿನ ದಪ್ಪ ಅದೇ. ಬ್ಯಾಟರಿ ಪೆಟ್ಟಿಗೆಯಾದರೆ ಬ್ಯಾಟರಿಯನ್ನ ಹಿಡಿಯೋದು ಪೆಟ್ಟಿಗೆ ಆಗಬಾರದು, ಬೋಲ್ಟು ಪೆಟ್ಟಿಗೆ ದಾಟಿ ನೆಲಕ್ಕೇ ಹೋಗಬೇಕು. ಚಾರ್ಜ್ ಆಗುವಾಗ ಹೈಡ್ರೋಜನ್ ಬರುತ್ತೆ, ಗಾಳಿಯಲ್ಲಿ 4 ಶೇಕಡಾ ಸೇರಿದರೆ ಹೊತ್ತಿಕೊಳ್ಳೋ ಅನಿಲ. ವೆಂಟ್ ಪೆಟ್ಟಿಗೆಯ ಮೇಲ್ತುದಿಯಿಂದಲೇ ಹೊರಡಬೇಕು.

ಪೋಲೊ ಅಂದರೆ ಮುಂದಿನ ಡ್ರೈವ್, ಬ್ಯಾಟರಿ ಮುಂದೇ ಬಿಡಿ. ಟ್ಯಾಂಕ್ ಕಂಪನಿಯದ್ದೇ ನೆಲದ ಅಡಿಯಲ್ಲಿದ್ದರೆ ಹಿಂದಿನ ಸೀಟಿನ ಕೆಳಗೆ ಪಂಪಿನ ಮುಚ್ಚಳ ಇರುತ್ತೆ, ಅದು ಪ್ಲಾಸ್ಟಿಕ್ ಆಗಿದ್ದರೆ ತಗಡಿನದ್ದು ಮಾಡಿ ಸೀಲ್ ಮಾಡಿ. ಅಲ್ಲಿಗೆ ನಿಮ್ಮ ಕೆಲಸ ಮುಗೀತು.

ಕಕ್ಕಬ್ಬೆ_ಕ್ಲಚ್

ಎಲ್ಲಾ ಬರೆದುಕೊಂಡೆ. ಒಂದು ಅನುಮಾನ. ಇಷ್ಟು ಬಿಗಿ ಮಾಡಿದರೆ ಗಾಳಿ ಆಡೋದು ಹೇಗೆ? ಗಾಜು ಮಂಜು ಹಿಡಿಯಲ್ವಾ?

ಸೋಮವಾರಪೇಟೆ_ಸೀಲ್

ಹಿಡಿಯುತ್ತೆ, ಒಳ್ಳೆ ಪ್ರಶ್ನೆ. ಸಾಮಾನ್ಯವಾಗಿ ಬ್ಲೋವರ್ ತಂದ ಗಾಳಿ ಸೀಟಿನ ಪಕ್ಕದಿಂದಲೋ ಪಾರ್ಸೆಲ್ ಶೆಲ್ಫಿನಿಂದಲೋ ಡಿಕ್ಕಿಗೆ ನುಗ್ಗಿ ಹಿಂದೆಲ್ಲೋ ಇರೋ ವೆಂಟಿನಿಂದ ಹೊರಹೋಗುತ್ತೆ. ಈಗಿನ ಗಾಡಿಗಳಲ್ಲಿ ಬಂಪರ್ ಮರೆಯಲ್ಲಿ ರಬ್ಬರ್ ಕಿವಿಗಳ ಪ್ಲಾಸ್ಟಿಕ್ ವೆಂಟ್ ಇರುತ್ತೆ. ಗೋಡೆ ಎದ್ದಮೇಲೆ ಆ ದಾರಿ ಬಂದ್. ಬಾಗಿಲು ಹಾಕುವಾಗ ಕಿವಿ ಒತ್ತಿದ ಹಾಗಾಗುತ್ತೆ, ಬಾಗಿಲು ಒಂದೇ ಏಟಿಗೆ ಕೂರಲ್ಲ. ಅದಕ್ಕಂತ ಗೋಡೆಗೆ ತೂತು ಕೊರೆಯಬೇಡಿ. ಗಾಜು ಒಂದಿಂಚು ಇಳಿಸಿ, ಇಲ್ಲವೇ ಪಾಲಿಕಾರ್ಬೊನೇಟ್ ಹಿಂಗಿಟಕಿಯಲ್ಲಿ ವೆಂಟ್ ಮಾಡಿ. ಡಿಕ್ಕಿ ಕಡೆಯ ವೆಂಟ್ ಇದ್ದದ್ದು ಹಾಗೇ ತೆರೆದಿರಲಿ, ಆವಿ ಹೊರಹೋಗೋಕೆ ಅದೇ ದಾರಿ. ಆದರೆ ಡಿಕ್ಕಿ ಬಾಗಿಲ ಬೀಡಿಂಗ್ ಹರಿದಿದ್ದರೆ ಬದಲಿಸಿ. ಸಾಲಿನಲ್ಲಿ ಐಡ್ಲಿಂಗ್ ಮಾಡುತ್ತಾ ನಿಂತಾಗ ಸೈಲೆನ್ಸರ್ ಹೊಗೆ ಅಲ್ಲಿಂದಲೇ ಒಳಗೆ ಬರೋದು. ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ, ಗೊತ್ತಾಗಲ್ಲ.

ಗೋಣಿಕೊಪ್ಪ_ಟಿಂಕರ್

ಪರೀಕ್ಷೆ ಮಾಡೋದನ್ನ ಯಾರೂ ಬರೆದಿಲ್ಲ. ಸೆಲ್ ಕೂರಿಸೋ ಮೊದಲು, ಗಾಡಿಯಲ್ಲಿ ಒಂದು ತೊಟ್ಟೂ ಪೆಟ್ರೋಲ್ ಇಲ್ಲದಾಗ ಮಾಡಿ.

ರಾತ್ರಿ ಹೊತ್ತು ಡಿಕ್ಕಿಯೊಳಗೆ ಎಲ್‌ಇಡಿ ವರ್ಕ್ ಲೈಟ್ ಇಟ್ಟು ಬಾಗಿಲು ಹಾಕಿ, ಕ್ಯಾಬಿನ್‌ನಲ್ಲಿ ಕತ್ತಲೆಗೆ ಕಣ್ಣು ಹೊಂದೋವರೆಗೆ ಕೂತು ನೋಡಿ. ಬೆಳಕು ಕಂಡಲ್ಲೆಲ್ಲಾ ಸೀಮೆಸುಣ್ಣದ ಗುರುತು. ನೇರ ಸಂದುಗಳು ಇದರಲ್ಲಿ ಸಿಗುತ್ತವೆ, ಕಂಬದೊಳಗಿನ ಸುತ್ತು ದಾರಿ ಸಿಗಲ್ಲ. ಅದಕ್ಕೆ ಸಾಂಬ್ರಾಣಿ. ಡಿಕ್ಕಿಯಲ್ಲಿ ತಟ್ಟೆ ಮೇಲೆ ಹೊಗೆ ಎಬ್ಬಿಸಿ, ಡಿಕ್ಕಿ ವೆಂಟಿಗೆ ತಾತ್ಕಾಲಿಕವಾಗಿ ಟೇಪ್ ಹಾಕಿ, ಕ್ಯಾಬಿನ್ ಕಿಟಕಿಯಲ್ಲಿ ರಟ್ಟು ಕೂರಿಸಿ ವ್ಯಾಕ್ಯೂಮ್ ಕ್ಲೀನರಿನಿಂದ ಒಳಗಿನ ಗಾಳಿ ಎಳೆಯಿರಿ. ಹೊಗೆ ತಾನಾಗಿ ದಾರಿ ತೋರಿಸುತ್ತೆ. ಬೆಲ್ಟ್ ರೀಲಿನ ತೂತಿನ ಹತ್ತಿರ ಟಾರ್ಚ್ ಹಿಡಿದು ನೋಡಿ, ಮೊದಲು ಅಲ್ಲೇ ಕಾಣೋದು.

ಕೊನೆಗೆ ಡಿಕ್ಕಿ ನೆಲದ ತೂತುಗಳಿಗೆ ಬಿರಡೆ ಹಾಕಿ, ಮುಂಭಾಗ ತಗ್ಗಾಗುವಂತೆ ಹಿಂದೆ ಜಾಕ್ ಕೊಟ್ಟು, ಗೋಡೆಯ ಬುಡಕ್ಕೆ ನಾಲ್ಕೈದು ಲೀಟರ್ ನೀರು ಬಿಡಿ. ಕಾಲು ಗಂಟೆ ಬಿಟ್ಟು ಕ್ಯಾಬಿನ್ ಕಡೆ ಟಿಶ್ಯೂ ಒತ್ತಿ ನೋಡಿ. ಚೆಲ್ಲಿದ ಪೆಟ್ರೋಲು ಹರಿಯೋದೂ ಅಲ್ಲೇ.

ಮಂಜಿನೂರು_402

ನಾನು ಇನ್ನೂ ಅಲ್ಯೂಮಿನಿಯಂ ಪಕ್ಷವೇ. 4 ಕೆಜಿ ಅಂದರೆ 4 ಕೆಜಿ. 20 ಗೇಜ್, 5052 ದರ್ಜೆ ಸಿಕ್ಕರೆ ಒಳ್ಳೇದು, ಮಡಚಿದರೆ ಬಿರಿಯಲ್ಲ. 6061 ಟಿ6 ಮಾತ್ರ ಬೇಡ, 90 ಡಿಗ್ರಿ ಮಡಿಕೆಯಲ್ಲಿ ಸೀಳುತ್ತೆ.

ಸೋಮವಾರಪೇಟೆ_ಸೀಲ್

ಹಾಕಿ ಅಣ್ಣ, ನಿಯಮ ಒಪ್ಪುತ್ತೆ. ಆದರೆ ನಮ್ಮ ಊರಲ್ಲಿ ವರ್ಷದ ನಾಲ್ಕು ತಿಂಗಳು ತಗಡು ಒದ್ದೆ. ಅಲ್ಯೂಮಿನಿಯಂ ಬರಿ ಸ್ಟೀಲಿಗೆ ತಾಗಿ ನಡುವೆ ನೀರು ಸೇರಿದರೆ ಅಲ್ಯೂಮಿನಿಯಮ್ಮೇ ಬಿಳಿ ಪುಡಿಯಾಗಿ ಹೋಗೋದು. ಎರಡೂ ಮೈಗೆ ಎಪಾಕ್ಸಿ ಪ್ರೈಮರ್, ಮಡಿಕೆ ಪೂರ್ತಿ ಸೀಲೆಂಟಿನ ಮೇಲೆ ಕೂರಬೇಕು. ರಿವೆಟ್ ಅಲ್ಯೂಮಿನಿಯಂದು ಹಾಕಿದರೆ ದೊಡ್ಡ ಸ್ಟೀಲ್ ಬಾಡಿಗೆ ಸಣ್ಣ ಅಲ್ಯೂಮಿನಿಯಂ ತುಂಡು ಬಲಿ, ಶೀಟಿಗಿಂತ ಮೊದಲು ರಿವೆಟ್ಟೇ ಹೋಗುತ್ತೆ. ಬೆಂಕಿಯಲ್ಲಿ ಮೊದಲು ಕರಗೋದೂ ಅದೇ.

ಪೊನ್ನಂಪೇಟೆ_ಪೋಲೊ

ಇಂಥ ಗಾಡಿ ರಸ್ತೆಯಲ್ಲಿ ಓಡಿಸಬಹುದಾ?

ಕುಶಾಲನಗರ_ಕ್ವಾರ್ಟರ್‌ಮೈಲ್

ಇಲ್ಲ ತಮ್ಮ. ಸೀಟು ತೆಗೆದರೆ ಆರ್‌ಸಿಯಲ್ಲಿರೋ ಆಸನ ಸಂಖ್ಯೆಯೇ ತಪ್ಪಾಗುತ್ತೆ, ಟ್ಯಾಂಕು ಬದಲಿಸಿದ್ದು ಬೇರೆ. ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಅಡಿ ಕಂಪನಿ ಕೊಟ್ಟ ವಿವರಕ್ಕೆ ವಿರುದ್ಧವಾದ ಮಾರ್ಪಾಡು ಮಾಡೋ ಹಾಗಿಲ್ಲ. ಟ್ರೈಲರಲ್ಲೇ ಒಯ್ಯಬೇಕು.

ಕಕ್ಕಬ್ಬೆ_ಕ್ಲಚ್

ಟ್ರೈಲರೇ. ಕಡೇದೊಂದು: ಸೆಲ್‌ನ ಪಂಪ್ ಕಡೆಗೆ ಕ್ಯಾಬಿನ್‌ನಿಂದ ಕೈ ಹಾಕೋಕೆ ಸಣ್ಣ ಬಾಗಿಲು ಇಡಬಹುದಾ?

ಗೋಣಿಕೊಪ್ಪ_ಟಿಂಕರ್

ಡಿಕ್ಕಿ ಕಡೆಯಿಂದ ಕೈ ಹೋಗುತ್ತೆ ಅಂದರೆ ಇಡಬೇಡಿ. ಬೇಕೇ ಬೇಕು ಅಂದರೆ ತೂತಿಗಿಂತ ಸುತ್ತ 25 ಮಿಮೀ ದೊಡ್ಡ ಸ್ಟೀಲ್ ಮುಚ್ಚಳ, ರಿವೆಟಿನ ಹಾಗೆ ತಗಡಿಗೆ ಹಿಡಿಯೋ ನಟ್ಟು ಅಂದರೆ ಎಂ5 ಸ್ಟೀಲ್ ರಿವ್‌ನಟ್, ಅದಕ್ಕೆ 7 ಮಿಮೀ ಡ್ರಿಲ್, 60-70 ಮಿಮೀಗೊಂದು. ತಳ ಮುಚ್ಚಿರೋ ರಿವ್‌ನಟ್ಟೇ ತಗೊಳ್ಳಿ, ತೆರೆದದ್ದಾದರೆ ಸ್ಕ್ರೂ ಎಳೆಯ ಮೂಲಕ ಆವಿ ಬರುತ್ತೆ. ನಡುವೆ 3 ಮಿಮೀ ಸೆರಾಮಿಕ್ ಪೇಪರ್ ಗ್ಯಾಸ್ಕೆಟ್, ಅದರ ಎರಡೂ ಮೈಗೆ ತೆಳುವಾಗಿ ನ್ಯೂಟ್ರಲ್ ಸಿಲಿಕಾನ್ ಬಳಿದು ಒಣಗಿಸಿ ಹಾಕಿ. ಆ ಪೇಪರ್ ಒಮ್ಮೆ ಒತ್ತಿದಮೇಲೆ ಮತ್ತೆ ಉಬ್ಬಲ್ಲ. ಮುಚ್ಚಳ ಬಿಚ್ಚಿದಾಗಲೆಲ್ಲಾ ಹೊಸದು ಕತ್ತರಿಸಬೇಕು, ನಾಲ್ಕು ಮೊದಲೇ ಕತ್ತರಿಸಿ ಟೂಲ್ ಬಾಕ್ಸಲ್ಲಿ ಇಟ್ಟುಕೊಳ್ಳಿ.